ತಿಳಿನೀರೆಲ್ಲ ಶುದ್ಧನೀರಲ್ಲ



ನಾನು ಭಾಷಾ ಶಿಕ್ಷಕ, ರಸಾಯನಶಾಸ್ತ್ರದ ಪಂಡಿತನಲ್ಲ. ಆದರೂ ಇಂದು ನೀರಿನ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇನೆ. ಒಂದು ಲೋಟ ನೀರಿಗೆ ಒಂದು ಚಮಚ ಉಪ್ಪು ಹಾಕಿ ಕಲಕಿರಿ. ನೀರು ತಿಳಿಯಾಗಿಯೇ ಕಾಣುತ್ತದೆ. ಬಟ್ಟೆಯಲ್ಲಿ ಎಷ್ಟು ಸೋಸಿದರೂ ಉಪ್ಪು ಹೋಗುವುದಿಲ್ಲ. ಈ ಚಿಕ್ಕ ಪಾಠವನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯವೇ ಉದಾಹರಣೆ.

ಅಲ್ಲಿ ಭೂಮಿಯ ಆಳದಲ್ಲಿ ಮಾರ್ಸೆಲಸ್ ಶೇಲ್ ಎಂಬ ಪದರಗಲ್ಲು ಇದೆ. ಅದರೊಳಗಿನ ನೈಸರ್ಗಿಕ ಅನಿಲವನ್ನು ಪಡೆಯಲು ನೀರು, ಮರಳು, ರಾಸಾಯನಿಕಗಳನ್ನು ಭಾರಿ ಒತ್ತಡದಲ್ಲಿ ನುಗ್ಗಿಸಿ ಕಲ್ಲನ್ನು ಸೀಳುತ್ತಾರೆ. ಒಂದು ಬಾವಿಗೆ ಕೋಟಿಗೂ ಹೆಚ್ಚು ಲೀಟರ್ ನೀರು ಬೇಕು. ಅನಿಲದೊಂದಿಗೆ ಮೇಲೆ ಬರುವ ನೀರು ಆಳದ ಲವಣವನ್ನು ಹೊತ್ತು ತರುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿದ್ದರೆ, ಇದರಲ್ಲಿ 200 ಗ್ರಾಂ ದಾಟುವುದೂ ಉಂಟು. ಜೊತೆಗೆ ಬೇರಿಯಂ, ಬ್ರೋಮೈಡ್, ವಿಕಿರಣ ಸೂಸುವ ರೇಡಿಯಂ ಕೂಡ ಇರುತ್ತವೆ.

ಮೊದಲು ಈ ನೀರಿನ ಒಂದು ಭಾಗವನ್ನು ಊರಿನ ಕೊಳಚೆನೀರು ಶುದ್ಧೀಕರಣ ಘಟಕಗಳಿಗೆ ಕಳುಹಿಸುತ್ತಿದ್ದರು. ಕರಗಿದ ಲವಣವನ್ನು ತೆಗೆಯುವ ಶಕ್ತಿ ಆ ಘಟಕಗಳಿಗಿರಲಿಲ್ಲ. ಬ್ರೋಮೈಡ್ ನದಿ ಸೇರಿತು. ಅಂಥ ನದಿನೀರಿಗೆ ರೋಗಾಣು ಕೊಲ್ಲಲೆಂದು ಕ್ಲೋರಿನ್ ಹಾಕಿದಾಗ, ನೀರಿನ ಸಾವಯವ ವಸ್ತುವಿನೊಡನೆ ಸೇರಿ ಟ್ರೈಹ್ಯಾಲೋಮೀಥೇನ್ ಎಂಬ ಹಾನಿಕರ ಸಂಯುಕ್ತಗಳು ಹುಟ್ಟುತ್ತವೆ. 2011ರಲ್ಲಿ ರಾಜ್ಯದ ಪರಿಸರ ಇಲಾಖೆ ಇದನ್ನು ನಿಲ್ಲಿಸುವಂತೆ ಅನಿಲ ಕಂಪನಿಗಳನ್ನು ಕೇಳಿತು. 2016ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಇಂಥ ನೀರನ್ನು ಸಾರ್ವಜನಿಕ ಘಟಕಗಳಿಗೆ ಬಿಡಕೂಡದೆಂದು ನಿಯಮ ಮಾಡಿತು.

ಈಗ ಅಲ್ಲಿ ಹೆಚ್ಚಿನ ನೀರನ್ನು ಸಂಸ್ಕರಿಸಿ, ಸಿಹಿನೀರು ಬೆರೆಸಿ, ಮುಂದಿನ ಬಾವಿಗೆ ಬಳಸುತ್ತಾರೆ. ನದಿಯ ನೀರು ಉಳಿಯುತ್ತದೆ, ಒಳ್ಳೆಯದೇ. ಆದರೆ ಬೇರಿಯಂ ಸಲ್ಫೇಟಿನೊಡನೆ ಸೇರಿದರೆ ಬಿಳಿ ಗಸಿಯಾಗಿ ಕೊಳವೆಗೆ ಕಟ್ಟುತ್ತದೆ. ಆದ್ದರಿಂದ ಮೊದಲೇ ತೊಟ್ಟಿಯಲ್ಲಿ ಸಲ್ಫೇಟ್ ಬೆರೆಸಿ ಬೇರಿಯಂ ತಳಕ್ಕಿಳಿಯುವಂತೆ ಮಾಡಬಹುದು. ರೇಡಿಯಂ ಕೂಡ ಅದರೊಡನೆ ಇಳಿಯುತ್ತದೆ. ಆಗ ನೀರಿನ ಹೊರೆ ಇಳಿಯಿತು, ನಿಜ. ಆದರೆ ರೇಡಿಯಂ ಮಾಯವಾಗಲಿಲ್ಲ, ಗಸಿಗೆ ಸೇರಿತು. ಆ ಗಸಿಯನ್ನು ಎಚ್ಚರಿಕೆಯಿಂದ ವಿಲೇವಾರಿ ಮಾಡದಿದ್ದರೆ ನೀರು ಕಳೆದುಕೊಂಡದ್ದನ್ನು ಮಣ್ಣು ಹೊರಬೇಕಾಗುತ್ತದೆ.

ವಿದ್ಯಾರ್ಥಿಗಳೇ, ಯಾವುದೇ ನೀರನ್ನು "ಶುದ್ಧ ಮಾಡಿದ್ದೇವೆ" ಎಂದು ಯಾರಾದರೂ ಹೇಳಿದರೆ ಮೂರು ಪ್ರಶ್ನೆ ಕೇಳಿ: ಅದರಲ್ಲಿ ಏನಿತ್ತು? ತೆಗೆದದ್ದು ಎಲ್ಲಿಗೆ ಹೋಯಿತು? ಉಳಿದ ನೀರು ಯಾವ ಕೆಲಸಕ್ಕೆ ಯೋಗ್ಯ? ಬಾವಿಗೆ ಸಾಕಾಗುವ ನೀರು ಹೊಲಕ್ಕೆ ಸಾಲದು, ಹೊಲಕ್ಕೆ ಸಾಕಾದದ್ದು ಬಾಯಿಗೆ ಸಾಲದು. ಹೀಗೆ ಕೇಳಬಲ್ಲವನೇ ನಿಜವಾಗಿ ವಿಜ್ಞಾನ ಓದಿದವನು.