ಒಂಟಿ ಉದ್ಯಮಿಗೆ ಒಂದು ಹಾಳೆ



ವ್ಯಾಪಾರವು ರಕ್ತದಲ್ಲಿಯೇ ಇದೆಯೆಂಬ ಹೆಮ್ಮೆ ಜೈನ ಮನೆತನಗಳಲ್ಲಿ ಹಳೆಯದು. ಆ ಹೆಮ್ಮೆಗೆ ಆಧಾರವಿಲ್ಲದಿಲ್ಲ. ಆದರೆ ಹೊಸದಾಗಿ ಉದ್ಯಮಕ್ಕಿಳಿಯುವ ಮಗನನ್ನೋ ಸೊಸೆಯನ್ನೋ 'ಯೋಜನೆಯನ್ನು ಬರೆದಿದ್ದೀರಾ?' ಎಂದು ಕೇಳಿದರೆ, 'ಎಲ್ಲವೂ ತಲೆಯಲ್ಲಿದೆ' ಎಂಬ ಉತ್ತರ ಬರುವುದೂ ಈ ಹೆಮ್ಮೆಯಿಂದಲೇ. ತಲೆಯಲ್ಲಿರುವ ಲೆಕ್ಕ ಮನಸ್ಸು ಬಯಸಿದಂತೆ ಬದಲಾಗುತ್ತದೆ. ಕಾಗದದ ಮೇಲಿನ ಲೆಕ್ಕ ಹಾಗೆ ಬದಲಾಗದು.

1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವಿನ ಒಂದು ಕಟ್ಟಡದ ತಾರಸಿಯಲ್ಲಿ ಏಳು ಮಂದಿ ಗೃಹಿಣಿಯರು ಹಪ್ಪಳ ಲಟ್ಟಿಸಲು ಕುಳಿತರು. ಬಂಡವಾಳ 80 ರೂಪಾಯಿ, ಅದೂ ಸಾಲ. ಕೊಟ್ಟವರು ಛಗನ್‌ಲಾಲ್ ಪಾರೇಖ್ ಎಂಬ ಸಮಾಜಸೇವಕರು. ಮೊದಲ ದಿನ ಸಿದ್ಧವಾದ ನಾಲ್ಕು ಪೊಟ್ಟಣಗಳು ಭುಲೇಶ್ವರದ ಒಬ್ಬ ವರ್ತಕರಿಗೆ ಮಾರಾಟವಾದವು. ಇಂದು ದೇಶಕ್ಕೆಲ್ಲ ಪರಿಚಿತವಾದ ಲಿಜ್ಜತ್ ಹಪ್ಪಳದ ಆರಂಭ ಇದು. 80 ರೂಪಾಯಿಯ ಕಥೆ ಎಲ್ಲರಿಗೂ ಗೊತ್ತು, ಅದರೊಂದಿಗಿದ್ದ ನಿಯಮಗಳು ಹೆಚ್ಚಿನವರಿಗೆ ತಿಳಿಯವು. ಲೆಕ್ಕ ಚೊಕ್ಕವಾಗಿರಬೇಕು, ಗುಣಮಟ್ಟ ತಗ್ಗಿಸಿದ ಅಗ್ಗದ ಹಪ್ಪಳ ಬೇಡ, ನಷ್ಟವಾದರೂ ದಾನಕ್ಕೆ ಕೈಯೊಡ್ಡಬಾರದು. ಮೊದಲ ವರ್ಷ ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸವೇ ನಿಂತಿತು. ಮರುವರ್ಷ ಒಂದು ಮಂಚ, ಒಂದು ಒಲೆ ಕೊಂಡರು: ಮಂಚದ ಮೇಲೆ ಹಪ್ಪಳ, ಅಡಿಯಲ್ಲಿ ಒಲೆ. ಮುಂಬಯಿಯ ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಯೋಜನೆ ಎಂದರೆ ಹೀಗಿರುತ್ತದೆ.

ಅವರು ಏಳು ಮಂದಿ. ಒಬ್ಬಳು ತಪ್ಪಿದರೆ ಕೇಳಲು ಆರು ಬಾಯಿಗಳಿದ್ದವು. ಡೊಂಬಿವಲಿಯಲ್ಲೋ ಮುಲುಂಡಿನಲ್ಲೋ ಒಬ್ಬಳೇ ಉದ್ಯಮ ನಡೆಸುವವಳಿಗೆ ಆ ಆರು ಮಂದಿ ಇಲ್ಲ. ಅವರ ಪ್ರಶ್ನೆಗಳನ್ನು ಹಾಳೆಯೇ ಕೇಳಬೇಕು. ಕೊಳ್ಳುವವರು ಯಾರು, ಯಾವ ಬೆಲೆಗೆ? ಕೆಟ್ಟ ತಿಂಗಳಿಗೆ ಏನು ಏರ್ಪಾಡು? ಎಷ್ಟು ಕಳೆದುಕೊಂಡ ಮೇಲೆ ನಿಲ್ಲಿಸಬೇಕು?

ಒಂದು ಕಲ್ಪಿತ ಲೆಕ್ಕವನ್ನು ನೋಡಬಹುದು. ಮನೆಯಲ್ಲಿ ಚಕ್ಕುಲಿ ಮಾಡಿ ಮಾರುವ ಮಹಿಳೆಗೆ ಒಂದು ಕಿಲೋಗೆ ಹಿಟ್ಟು, ಎಣ್ಣೆ, ಅನಿಲ, ಪೊಟ್ಟಣ ಸೇರಿ 180 ರೂಪಾಯಿ ಬೀಳುತ್ತದೆ, ಮಾರಾಟ ಬೆಲೆ 300. ಉಳಿಯುವುದು 120. ಸಾಗಣೆ, ದೂರವಾಣಿ ಮೊದಲಾದ ತಿಂಗಳ ಖಾಯಂ ಖರ್ಚು 3,000. ಅಂದರೆ ಮೊದಲ 25 ಕಿಲೋ ಬರಿಯ ಖರ್ಚಿಗೇ ಹೋಯಿತು. ತಿಂಗಳಿಗೆ 100 ಕಿಲೋ ಮಾರಿದರೆ ಕೈಗೆ 9,000. ಇಲ್ಲಿಗೆ ಸಂತೋಷಪಟ್ಟು ಹಾಳೆ ಮಡಚುವವರೇ ಹೆಚ್ಚು. ಆದರೆ ದಿನಕ್ಕೆ ಆರು ಗಂಟೆಯಂತೆ 20 ದಿನ ದುಡಿದಿದ್ದರೆ, ಆ 9,000 ಗಂಟೆಗೆ 75 ರೂಪಾಯಿಯ ಕೂಲಿ ಮಾತ್ರ. ಲಾಭವೆಂಬುದು ಇನ್ನೂ ಆರಂಭವಾಗಿಯೇ ಇಲ್ಲ. ಮಳೆಗಾಲದಲ್ಲಿ ಮಾರಾಟ ಅರ್ಧಕ್ಕಿಳಿದರೆ ಕೈಗೆ ಬರುವುದು 3,000. ಆದಾಯವು ಅರ್ಧಕ್ಕಲ್ಲ, ಮೂರನೆಯ ಒಂದು ಪಾಲಿಗೆ ಕುಸಿಯುತ್ತದೆ. ಸಾಲದ ಕಂತನ್ನು ನಿಗದಿ ಮಾಡಬೇಕಾದದ್ದು ಈ 3,000ವನ್ನು ನೋಡಿ, ಹಬ್ಬದ ತಿಂಗಳ ಮಾರಾಟವನ್ನು ನೋಡಿ ಅಲ್ಲ.

ಸಮಾಜ ಕಣ್ಣು ತೆರೆಯಬೇಕಾದ ಒಂದು ಸಂಗತಿ ಇಲ್ಲಿದೆ. ಮನೆಯ ಹೆಂಗಸರ ದುಡಿಮೆಯನ್ನು ಖರ್ಚಿನ ಅಂಕಣದಲ್ಲಿ ಬರೆಯುವ ಪದ್ಧತಿ ಹೆಚ್ಚಿನ ಕುಟುಂಬಗಳಲ್ಲಿಲ್ಲ. ಗಂಡನ ಅಂಗಡಿಯ ಲಾಭದೊಳಗೆ ಹೆಂಡತಿಯ ಸಂಜೆಗಳು ಹೆಸರಿಲ್ಲದೆ ಅಡಗಿರುತ್ತವೆ. ಅವಳೇ ಉದ್ಯಮ ಹೂಡಿದಾಗ ತನ್ನ ದುಡಿಮೆಗೆ ತಾನೂ ಬೆಲೆ ಕಟ್ಟುವುದಿಲ್ಲ. ಆದ್ದರಿಂದ ಕಡಿಮೆ ಬೆಲೆಗೆ ಮಾರುತ್ತಾಳೆ, ದಣಿಯುತ್ತಾಳೆ, ಮುಚ್ಚುತ್ತಾಳೆ. 'ಅವಳಿಗೆ ವ್ಯಾಪಾರ ತಿಳಿಯದು' ಎಂದು ಮನೆಯವರು ತೀರ್ಪು ಕೊಡುತ್ತಾರೆ!

ವ್ಯಾಪಾರ ತಿಳಿದವರ ಗತಿಯನ್ನೂ ಮುಂಬಯಿ ಕಂಡಿದೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಬೆಲೆ ಗಗನಕ್ಕೇರಿದಾಗ ಪ್ರೇಮಚಂದ್ ರಾಯ್‌ಚಂದ್ ಎಂಬ ಜೈನ ವರ್ತಕರು ನಗರದ ಷೇರುಪೇಟೆಯ ದೊರೆಯೆನಿಸಿದ್ದರು. 1865ರಲ್ಲಿ ಯುದ್ಧ ಮುಗಿಯಿತು. ಅದೇ ವರ್ಷದ ಜುಲೈ 1ರಂದು ವಾಯಿದೆಗಳು ತೀರಬೇಕಾದಾಗ ಪೇಟೆಯೇ ಉರುಳಿತು, ಅವರೂ ಉರುಳಿದರು. ಅವರ ತಾಯಿಯ ಹೆಸರಿನ ರಾಜಾಬಾಯಿ ಗೋಪುರ ಇಂದಿಗೂ ಫೋರ್ಟ್ ಪ್ರದೇಶದಲ್ಲಿ ನಿಂತಿದೆ. ಅವರ ಬುದ್ಧಿಶಕ್ತಿಯಲ್ಲಿ ಯಾರಿಗೂ ಸಂಶಯವಿರಲಿಲ್ಲ. ಇಡೀ ಪೇಟೆಗೆ ಕಾಣದೆ ಹೋದದ್ದು ಎಲ್ಲಿ ನಿಲ್ಲಬೇಕೆಂಬ ಗೆರೆ. ಪರಿಗ್ರಹ ಪರಿಮಾಣವನ್ನು ಶ್ರಾವಕನ ವ್ರತವಾಗಿ ಕೇಳುತ್ತ ಬೆಳೆದವರಿಗೆ ಮಿತಿಯನ್ನು ಮೊದಲೇ ಅಂಕಿಯಲ್ಲಿ ಗೊತ್ತುಮಾಡುವುದು ಅಪರಿಚಿತವಾಗಬೇಕಾಗಿಲ್ಲ.

ಸರಕಾರದ ಕಾಗದಗಳು ಎಣಿಸಿದಷ್ಟು ಭಾರವಲ್ಲ. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ; ಅದಕ್ಕಾಗಿ ದಲ್ಲಾಳಿಗೆ ಹಣ ತೆರುವುದು ವ್ಯರ್ಥ. ಆಹಾರ ಪದಾರ್ಥಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಮುಂಬಯಿಯಿಂದ ಬೆಳಗಾವಿಗೋ ಹುಬ್ಬಳ್ಳಿಗೋ ಚಕ್ಕುಲಿ ಕಳುಹಿಸಿ ಮಾರುವುದಾದರೆ ವಹಿವಾಟು ಸಣ್ಣದಾದರೂ ಜಿಎಸ್‌ಟಿಯ ಪ್ರಶ್ನೆ ಬರುತ್ತದೆ, ಏಕೆಂದರೆ ಅದು ಅಂತರರಾಜ್ಯ ಮಾರಾಟ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ 'ಶಿಶು' ವರ್ಗದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಾಲ ದೊರೆಯುತ್ತದೆ. ರಾಜಕಾರಣಿಗಳು ವಿತರಿಸಿದ ಸಾಲದ ಮೊತ್ತವನ್ನು ವೇದಿಕೆಯಿಂದ ಸಾರುತ್ತಾರೆ. ಆ ಸಾಲದಿಂದ ನಿಂತ ಉದ್ಯಮಗಳೆಷ್ಟು ಎಂಬುದನ್ನು ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ. ಅಡಮಾನವಿಲ್ಲದ ಸಾಲವೂ ಸಾಲವೇ.

ಬಂಧುಗಳಿಂದ ಪಡೆದ ಹಣಕ್ಕೆ ಕಾಗದ ಬೇಡವೆಂಬ ಸಂಕೋಚವನ್ನೂ ಬಿಡಬೇಕು. ಮೊತ್ತ, ಅವಧಿ, ಮರುಪಾವತಿಯ ದಿನ ಇವನ್ನು ಅದೇ ಹಾಳೆಯ ಹಿಂಬದಿಯಲ್ಲಿ ಬರೆದು ಇಬ್ಬರೂ ಸಹಿ ಮಾಡಿದರೆ ಮುಂದಿನ ಮದುವೆಯ ಊಟದಲ್ಲಿ ಪರಸ್ಪರ ಮುಖ ತಪ್ಪಿಸಬೇಕಾಗುವುದಿಲ್ಲ. ಹಾಳೆ ಇಂಗ್ಲಿಷಿನಲ್ಲಿಯೇ ಇರಬೇಕೆಂಬ ನಿಯಮವೂ ಇಲ್ಲ. ಬ್ಯಾಂಕಿಗೆ ಬೇಕಾದ ಪ್ರತಿಯನ್ನು ಬ್ಯಾಂಕಿನ ಭಾಷೆಯಲ್ಲಿ ಸಿದ್ಧಪಡಿಸಿಕೊಳ್ಳಬಹುದು. ತನಗಾಗಿ ಬರೆಯುವುದನ್ನು ಕನ್ನಡದಲ್ಲಿಯೇ ಬರೆದು, ಪ್ರತಿ ತಿಂಗಳ ಮೊದಲ ದಿನ ನಿಜವಾದ ಅಂಕಿಯನ್ನು ಊಹಿಸಿದ ಅಂಕಿಯ ಪಕ್ಕದಲ್ಲಿ, ಬೇರೆ ಬಣ್ಣದ ಶಾಯಿಯಲ್ಲಿ, ತುಂಬುತ್ತ ಹೋಗಬೇಕು.