ಅಜ್ಜಿ ಹಚ್ಚಿದ ವಿಶ್ವಾಸದ ದೀಪ

(ಜುಲೈ 26 – ಸಂತ ಜೋಕಿಂ ಮತ್ತು ಸಂತ ಅನ್ನಮ್ಮನವರ ಹಬ್ಬದ ಪ್ರಬೋಧನೆ)
ವಾಚನಗಳು: ಸಿರಾಖ 44:1, 10–15; ಮತ್ತಾಯ 13:16–17



ಇಂದು ಮಾತೆ ಧರ್ಮಸಭೆಯು ಮರಿಯಮ್ಮನವರ ತಂದೆತಾಯಿಗಳಾದ ಸಂತ ಜೋಕಿಂ ಮತ್ತು ಸಂತ ಅನ್ನಮ್ಮನವರನ್ನು ಸ್ಮರಿಸುತ್ತದೆ. ಇವರು ಪ್ರಭು ಯೇಸುವಿನ ಅಜ್ಜ ಅಜ್ಜಿ. ಆದರೂ ನಾಲ್ಕು ಶುಭಸಂದೇಶಗಳಲ್ಲಿ ಎಲ್ಲಿಯೂ ಇವರ ಹೆಸರಿಲ್ಲ. ಎರಡನೆಯ ಶತಮಾನದ ಒಂದು ಪುರಾತನ ಬರಹದಿಂದ ಮಾತ್ರ ಇವರ ಹೆಸರುಗಳು ನಮಗೆ ತಿಳಿದುಬಂದಿವೆ. ಚಿತ್ರಗಳಲ್ಲಿ ಸಂತ ಅನ್ನಮ್ಮನವರು ಪುಟ್ಟ ಮರಿಯಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಪವಿತ್ರ ಗ್ರಂಥ ಓದಿಸುವುದನ್ನು ನಾವು ಕಾಣುತ್ತೇವೆ. ದೇವದೂತನಿಗೆ "ಆಗಲಿ" ಎಂದ ಆ ಮಗಳಿಗೆ ದೇವರ ಮಾತು ಕೇಳುವುದನ್ನು ಕಲಿಸಿದ ತಾಯಿಯೊಬ್ಬಳು ಇದ್ದಳೆಂದು ಧರ್ಮಸಭೆ ನಂಬುತ್ತದೆ. ಮನೆಯ ಹಿರಿಯಳ ಕೆಲಸ ಹೀಗೆಯೇ. ಅದು ಹೊರಗೆ ಕಾಣುವುದಿಲ್ಲ, ಮಕ್ಕಳಲ್ಲಿ ಕಾಣುತ್ತದೆ.

ಇಂದಿನ ಮೊದಲ ವಾಚನ ನಮ್ಮ ಪೂರ್ವಿಕರನ್ನು ಕೊಂಡಾಡಲು ಕರೆಯುತ್ತದೆ. ಆದ್ದರಿಂದ ಪವಿತ್ರ ಗ್ರಂಥದ ಮೊದಲ ಅಜ್ಜಿ ಎನ್ನಬಹುದಾದ ಸಾರಳನ್ನು ಸ್ವಲ್ಪ ಹೊತ್ತು ನೆನೆಯೋಣ. ಆದಿಕಾಂಡದ 23ನೆಯ ಅಧ್ಯಾಯ ಆಕೆ 127 ವರ್ಷ ಬದುಕಿದಳೆಂದು ಹೇಳುತ್ತದೆ. ಆದಿಕಾಂಡದಲ್ಲಿ ಸಾಯುವಾಗ ಇಷ್ಟು ವಯಸ್ಸಾಗಿತ್ತು ಎಂದು ಲೆಕ್ಕ ಬರೆದಿಟ್ಟಿರುವುದು ಈ ಒಬ್ಬ ಸ್ತ್ರೀಗೆ ಮಾತ್ರ.

ಎಂತಹ ಬದುಕು ಅವಳದು! ಗಂಡನ ಜೊತೆ ಹುಟ್ಟೂರು ಬಿಟ್ಟು ಹೊರಟಳು. ಗುಡಾರದಿಂದ ಗುಡಾರಕ್ಕೆ ಅಲೆದಳು. ಬರಗಾಲದಲ್ಲಿ ಐಗುಪ್ತಕ್ಕೆ ಹೋಗಿ ಬಂದಳು. ಮಕ್ಕಳಿಲ್ಲದ ನೋವನ್ನು ತೊಂಬತ್ತು ವರ್ಷ ಹೊತ್ತಳು. ನಿನಗೆ ಮಗನಾಗುತ್ತಾನೆಂದು ಅತಿಥಿಗಳು ಹೇಳಿದಾಗ ಬಾಗಿಲ ಹಿಂದೆ ನಿಂತು ನಕ್ಕಳು. ಅದೇ ನಗು ಮಗನಿಗೆ ಹೆಸರಾಯಿತು. ಇಸಾಕ ಎಂದರೆ ನಗು. ಅವಳು ತಪ್ಪೇ ಮಾಡದವಳೂ ಅಲ್ಲ. ದಾಸಿ ಹಾಗರಳನ್ನೂ ಅವಳ ಮಗ ಇಷ್ಮಾಯೇಲನನ್ನೂ ಮನೆಯಿಂದ ಹೊರಗೆ ಕಳುಹಿಸುವಂತೆ ಹಟ ಹಿಡಿದವಳು ಇದೇ ಸಾರಳು. ಪವಿತ್ರ ಗ್ರಂಥ ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಅಜ್ಜಿಯರೂ ಹಾಗೆಯೇ ಅಲ್ಲವೇ? ಕೆಲವರ ಮಾತು ಖಾರ, ಕೆಲವರಿಗೆ ಒಬ್ಬ ಸೊಸೆಯ ಮೇಲೆ ಪ್ರೀತಿ, ಇನ್ನೊಬ್ಬಳ ಮೇಲೆ ಮುನಿಸು. ಪ್ರೀತಿಯಿಂದ ನೆನೆಯುವುದೆಂದರೆ ಅವರ ಕೊರತೆಗಳನ್ನು ಕ್ಷಮಿಸಿ ನೆನೆಯುವುದು.

ಸಾರಳು ತೀರಿಕೊಂಡಾಗ ಅಬ್ರಹಾಮನು ಅವಳಿಗಾಗಿ ಅತ್ತನು. ದೇವರು ಆ ನಾಡನ್ನೆಲ್ಲ ಕೊಡುವೆನೆಂದು ಅವನಿಗೆ ಮಾತು ಕೊಟ್ಟಿದ್ದರು. ಆದರೆ ಆ ದಿನ ಹೆಂಡತಿಯನ್ನು ಹೂಳಲು ಅವನಿಗೆ ಸ್ವಂತದ ಒಂದು ಚೂರು ನೆಲವಿರಲಿಲ್ಲ. ಹೆಬ್ರೋನಿನ ಬಳಿಯ ಮಕ್ಪೇಲ ಗವಿಯನ್ನು ಎಫ್ರೋನನು ಸುಮ್ಮನೆ ಕೊಡುತ್ತೇನೆಂದರೂ ಒಪ್ಪದೆ, 400 ಬೆಳ್ಳಿ ಶೆಕೆಲುಗಳನ್ನು ಎಲ್ಲರ ಮುಂದೆ ತೂಗಿಕೊಟ್ಟು ಕೊಂಡುಕೊಂಡನು. ವಾಗ್ದತ್ತ ನಾಡಿನಲ್ಲಿ ಆ ಮನೆತನ ಹಣ ಕೊಟ್ಟು ಪಡೆದ ಮೊದಲ ನೆಲ ಒಬ್ಬ ತಾಯಿಯ ಸಮಾಧಿ. ಮಗ ಇಸಾಕನಿಗೆ ಆಗ 37 ವರ್ಷ. ನಾಲ್ವತ್ತನೆಯ ವಯಸ್ಸಿನಲ್ಲಿ ರೆಬೆಕ್ಕಳು ಮನೆಗೆ ಬಂದ ಮೇಲೆಯೇ ತಾಯಿಯ ಅಗಲಿಕೆಯ ದುಃಖ ಶಮನವಾಯಿತೆಂದು ಬರೆದಿದೆ. ಬೆಳೆದ ಗಂಡಸು ತಾಯಿಗಾಗಿ ಅಷ್ಟು ಕಾಲ ಅಳುವುದು ನಾಚಿಕೆಯ ಮಾತಲ್ಲ.

ಇನ್ನೊಂದು ಸಂಗತಿಯನ್ನು ಗಮನಿಸಿ. ಅಬ್ರಹಾಮನು ತೀರಿಕೊಂಡಾಗ ಅವನನ್ನು ಸಾರಳ ಪಕ್ಕದಲ್ಲಿ ಹೂಳಲು ಬಂದವರು ಇಬ್ಬರು ಮಕ್ಕಳು, ಇಸಾಕ ಮತ್ತು ಇಷ್ಮಾಯೇಲ. ಸಾರಳು ಹೊರಗೆ ಕಳುಹಿಸಿದ್ದ ಹುಡುಗ ಸಾರಳ ಸಮಾಧಿಯ ಬಳಿ ಮತ್ತೆ ತಮ್ಮನ ಪಕ್ಕದಲ್ಲಿ ನಿಂತನು.

ಪ್ರಿಯರೇ, ನಮ್ಮ ಮನೆಗಳಲ್ಲಿ ಏನಾಗುತ್ತಿದೆ? ಅಜ್ಜಿ ಇರುವ ತನಕ ಹಬ್ಬಕ್ಕೆ ಎಲ್ಲರೂ ಊರಿಗೆ ಬರುತ್ತಾರೆ. ಅಜ್ಜಿ ಹೋದ ಮೇಲೆ ಮನೆಗೆ ಬೀಗ, ಗದ್ದೆಗೆ ವ್ಯಾಜ್ಯ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಆಕೆಯ ವರ್ಷದ ಪೂಜೆಗೆ ಬಂದು ದೇವಾಲಯದ ಎರಡು ಬದಿಗಳಲ್ಲಿ ಕುಳಿತುಕೊಳ್ಳುತ್ತಾರೆ. ಸಮಾಧಿಗೆ ಗ್ರಾನೈಟ್ ಕಲ್ಲು ಹಾಕಿಸುತ್ತೇವೆ, ಪತ್ರಿಕೆಯಲ್ಲಿ ಭಾವಚಿತ್ರ ಹಾಕಿಸುತ್ತೇವೆ. ಆದರೆ ಆಕೆ ದಿನವೂ ಸಂಜೆ ಎಲ್ಲರನ್ನೂ ಕೂಗಿ ಕೂರಿಸಿ ಹೇಳಿಸುತ್ತಿದ್ದ ಜಪಸರ ಆ ಮನೆಯಲ್ಲಿ ನಿಂತುಹೋಗಿರುತ್ತದೆ. ಕಲ್ಲು ಅಜ್ಜಿಯ ಸ್ಮಾರಕವಲ್ಲ, ಆ ಜಪಸರ ಅಜ್ಜಿಯ ಸ್ಮಾರಕ.

ನಮ್ಮಲ್ಲಿ ಅನೇಕರಿಗೆ ಶಿಲುಬೆಯ ಗುರುತು ಹಾಕಲು ಮೊದಲು ಕಲಿಸಿದ್ದು ಗುರುಗಳಲ್ಲ, ಉಪದೇಶಿಯೂ ಅಲ್ಲ, ಅಜ್ಜಿಯೇ. ಪರೀಕ್ಷೆಗೆ ಹೊರಟಾಗ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಎಳೆದವರು, ಸೆರಗಿನ ಗಂಟಿನಿಂದ ಕಾಣಿಕೆಗೆ ನಾಣ್ಯ ಬಿಚ್ಚಿಕೊಟ್ಟವರು, ಯಾರ ಆತ್ಮಕ್ಕೆ ಯಾವ ದಿನ ಪೂಜೆ ಹೇಳಿಸಬೇಕೆಂದು ಪುಸ್ತಕವಿಲ್ಲದೆ ನೆನಪಿಟ್ಟವರು ಅವರೇ. ಸಂತ ಪೌಲರು ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ, ಅವನ ವಿಶ್ವಾಸ ಮೊದಲು ಅಜ್ಜಿ ಲೋವಿಯಲ್ಲಿ, ಆಮೇಲೆ ತಾಯಿ ಯೂನಿಕೆಯಲ್ಲಿ ನೆಲೆಸಿತ್ತೆಂದು ನೆನಪಿಸುತ್ತಾರೆ. ಪ್ರೇಷಿತರೂ ಒಬ್ಬ ಅಜ್ಜಿಯ ಹೆಸರನ್ನು ಮರೆಯಲಿಲ್ಲ.

2020 ಮತ್ತು 2021ರ ಕೊರೋನಾ ಕಾಲದಲ್ಲಿ ಎಷ್ಟೋ ಮನೆಗಳ ಅಜ್ಜಿಯರು ಆಸ್ಪತ್ರೆಯಲ್ಲಿ ಒಬ್ಬಂಟಿಯಾಗಿ ಕಣ್ಣು ಮುಚ್ಚಿದರು. ಕೊನೆಯ ಬಾರಿ ಕೈ ಹಿಡಿಯಲೂ ಆಗಲಿಲ್ಲವೆಂಬ ಕೊರಗು ಇಂದಿಗೂ ಆ ಕುಟುಂಬಗಳಲ್ಲಿದೆ. ಆ ನೋವಿನ ನಡುವೆ, 2021ರಲ್ಲಿ, ಜಗದ್ಗುರು ಫ್ರಾನ್ಸಿಸರು ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ ಅಜ್ಜಿಯರ ಮತ್ತು ವೃದ್ಧರ ವಿಶ್ವದಿನವೆಂದು ಸಾರಿದರು. ಈ ಹಬ್ಬದ ಹತ್ತಿರದ ಭಾನುವಾರವನ್ನೇ ಆರಿಸಿಕೊಂಡರು. ಮೊದಲ ವರ್ಷದ ವಿಷಯ, ಸದಾ ನಿಮ್ಮೊಡನೆ ಇರುತ್ತೇನೆಂಬ ಯೇಸುವಿನ ಭರವಸೆ. ಕೈ ಹಿಡಿಯಲಾಗದವರ ಬಳಿ ಪ್ರಭುವೇ ಇದ್ದರೆಂಬುದು ನಮ್ಮ ವಿಶ್ವಾಸ.

ಹಾಗಾದರೆ ಈ ಹಬ್ಬದಂದು ನಾವು ಏನು ಮಾಡೋಣ?

ಅಜ್ಜಿ ಇನ್ನೂ ನಮ್ಮೊಡನಿದ್ದರೆ, ಮೊಬೈಲ್ ಪಕ್ಕಕ್ಕಿಟ್ಟು ಅವರ ಬಳಿ ಕುಳಿತುಕೊಳ್ಳೋಣ. ಹೇಳಿದ್ದನ್ನೇ ಹತ್ತು ಸಲ ಹೇಳಿದರೂ ಕೇಳೋಣ. ಹೆತ್ತವರ ಬುದ್ಧಿ ಮಂದವಾದರೂ ತಾಳ್ಮೆಯಿಂದಿರಬೇಕೆಂದು ಸಿರಾಖನು ಮೂರನೆಯ ಅಧ್ಯಾಯದಲ್ಲಿ ಬುದ್ಧಿ ಹೇಳುತ್ತಾನೆ. ಹಾಸಿಗೆ ಹಿಡಿದವರಿದ್ದರೆ ಗುರುಗಳಿಗೆ ತಿಳಿಸಿ, ಪರಮಪ್ರಸಾದ ಮನೆಗೆ ತರಿಸೋಣ. ಕೊನೆಯ ಗಳಿಗೆಯ ತನಕ ಕಾಯುವುದು ಬೇಡ.

ಅಜ್ಜಿ ಪ್ರಭುವಿನ ಬಳಿಗೆ ಹೋಗಿದ್ದರೆ, ಅವರು ಹೇಳಿಕೊಟ್ಟ ಒಂದು ಪ್ರಾರ್ಥನೆಯನ್ನು ಇಂದು ಸಂಜೆ ನಮ್ಮ ಮಕ್ಕಳಿಗೆ ಹೇಳಿಕೊಡೋಣ. ಮಾತು ಬಿಟ್ಟ ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದರೆ, ಇಸಾಕ ಇಷ್ಮಾಯೇಲರ ಹಾಗೆ ಆ ಸಮಾಧಿಯ ಬಳಿ ಒಟ್ಟಿಗೆ ನಿಂತು ಒಂದು ಮೇಣದಬತ್ತಿ ಹಚ್ಚೋಣ. ಪಾಲಿನ ಲೆಕ್ಕ ಆಮೇಲೆ ನೋಡಿಕೊಳ್ಳಬಹುದು.

ಅನೇಕ ಪ್ರವಾದಿಗಳು ಕಾಣಲು ಹಂಬಲಿಸಿದ್ದನ್ನು ನಿಮ್ಮ ಕಣ್ಣುಗಳು ಕಾಣುತ್ತಿವೆ ಎಂದು ಇಂದಿನ ಶುಭಸಂದೇಶದಲ್ಲಿ ಯೇಸು ಶಿಷ್ಯರಿಗೆ ಹೇಳುತ್ತಾರೆ. ನಾವು ಇಂದು ಕಾಣುತ್ತಿರುವುದು ನಮ್ಮ ಅಜ್ಜಿಯರು ಹಂಬಲಿಸಿ ಮೊಣಕಾಲೂರಿ ಬೇಡಿದ್ದನ್ನು. ಸಂತ ಜೋಕಿಂ ಮತ್ತು ಸಂತ ಅನ್ನಮ್ಮನವರ ಬಿನ್ನಹದ ಮೂಲಕ, ನಮ್ಮ ಹಿರಿಯರಿಂದ ಪಡೆದ ವಿಶ್ವಾಸವನ್ನು ಕಿರಿಯರ ಕೈಗೆ ಆರದಂತೆ ಒಪ್ಪಿಸುವ ಕೃಪೆಯನ್ನು ಪ್ರಭು ನಮ್ಮ ಕುಟುಂಬಗಳಿಗೆ ದಯಪಾಲಿಸಲಿ. ಆಮೆನ್.