ದೇಹವೊಂದು, ವೇಷ ಹಲವು

ನಟನಿಗೆ ದೇಹವೇ ಬಂಡವಾಳ; ಆ ದೇಹವೇ ಅವನಿಗೆ ಸೆರೆಮನೆಯೂ ಆಗಬಹುದು. ಸ್ಥೂಲಕಾಯನೊಬ್ಬನು ರಂಗಕ್ಕೆ ಬಂದನೆಂದರೆ ಸಾಕು, ಅವನು ಬಾಯಿ ತೆರೆಯುವ ಮೊದಲೇ ನಾವು ನಗಲು ಸಿದ್ಧರಾಗಿರುತ್ತೇವೆ. ಈ ಸೆರೆಯನ್ನು ಮುರಿದು ಹೊರಬಂದ ಸ್ಕಾಟ್ಲೆಂಡಿನ ನಟ ರಾಬಿ ಕೋಲ್ಟ್ರೇನನ ವಿಷಯವಾಗಿ ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡುತ್ತೇನೆ.

ಈತನು ಹುಟ್ಟಿದ್ದು 1950ರಲ್ಲಿ, ಗ್ಲ್ಯಾಸ್ಗೋ ನಗರದ ಬಳಿಯ ರದರ್‌ಗ್ಲೆನ್ನಿನಲ್ಲಿ. ತಂದೆ ವೈದ್ಯ, ತಾಯಿ ಉಪಾಧ್ಯಾಯಿನಿ, ಪಿಯಾನೋ ಬಲ್ಲವಳು. ಹೆತ್ತವರಿಟ್ಟ ಹೆಸರು ಆಂಥೊನಿ ರಾಬರ್ಟ್ ಮ್ಯಾಕ್‌ಮಿಲನ್. ಗ್ಲ್ಯಾಸ್ಗೋ ಕಲಾಶಾಲೆಯಲ್ಲಿ ಕಲಿತು ಬಳಿಕ ನಾಟಕದ ಕಡೆಗೆ ತಿರುಗಿದನು. ಜಾಜ್ ಸಂಗೀತಗಾರ ಜಾನ್ ಕೋಲ್ಟ್ರೇನನ ಮೇಲಣ ಅಭಿಮಾನದಿಂದ ಅವನ ಹೆಸರನ್ನೇ ತನ್ನದಾಗಿಸಿಕೊಂಡನು.

ಮೊದಮೊದಲು ದೊರೆತವು ಬಹುಮಟ್ಟಿಗೆ ಹಾಸ್ಯದ ಪಾತ್ರಗಳೇ. 1987ರಲ್ಲಿ 'ಬ್ಲ್ಯಾಕ್ಯಾಡರ್' ಎಂಬ ಟೆಲಿವಿಷನ್ ಪ್ರಹಸನದಲ್ಲಿ ನಿಘಂಟುಕಾರ ಡಾಕ್ಟರ್ ಜಾನ್ಸನ್ನನಾದನು. ಇಂಗ್ಲೆಂಡಿನಲ್ಲಿ ಕುದುರೆಗೆ ಹಾಕುವ ಓಟ್ಸ್ ಧಾನ್ಯವು ಸ್ಕಾಟ್ಲೆಂಡಿನಲ್ಲಿ ಮನುಷ್ಯರ ಆಹಾರವೆಂದು 1755ರ ತನ್ನ ನಿಘಂಟಿನಲ್ಲಿ ಚುಚ್ಚಿದವನು ಆ ಜಾನ್ಸನ್. ಅಂಥವನ ವೇಷವನ್ನು ಸ್ಕಾಟನೊಬ್ಬನೇ ಧರಿಸಿದ್ದು ಸ್ವಾರಸ್ಯವಲ್ಲವೆ? ನಿಘಂಟಿನಲ್ಲಿಲ್ಲದ ಶಬ್ದವೊಂದು ಕಿವಿಗೆ ಬಿದ್ದಾಗ ಜಾನ್ಸನ್ನನು ಪಡುವ ಸಂಕಟವನ್ನು ಕಂಡು ನೀವು ನಗುವಿರಿ. ಶಬ್ದಗಳ ನಡುವೆಯೇ ಆಯುಷ್ಯ ಕಳೆದ ನನ್ನಂಥವನು ಸ್ವಲ್ಪ ಮರುಗುವನು.

1993ರಲ್ಲಿ 'ಕ್ರ್ಯಾಕರ್' ಬಂದಿತು. ಅಲ್ಲಿ ಅವನು ಫಿಟ್ಸ್ ಎಂಬ ಮನಶ್ಶಾಸ್ತ್ರಜ್ಞ. ಮ್ಯಾಂಚೆಸ್ಟರಿನ ಪೊಲೀಸರಿಗೆ ನೆರವಾಗುವವನು. ಕೊಲೆಗಾರನ ಅಂತರಂಗವನ್ನು ಓದಬಲ್ಲ. ಕುಡಿತ ಜೂಜುಗಳಿಂದ ತನ್ನ ಸಂಸಾರವನ್ನು ಕಾಪಾಡಿಕೊಳ್ಳಲಾರ. ದೇಹ ಅದೇ, ಆದರೆ ಈಗ ಯಾರೂ ನಗಲಿಲ್ಲ. ಬ್ರಿಟಿಷ್ ಅಕಾಡೆಮಿಯು 1994, 1995, 1996 ಈ ಮೂರು ವರ್ಷಗಳೂ ಅವನನ್ನೇ ಶ್ರೇಷ್ಠ ಟೆಲಿವಿಷನ್ ನಟನೆಂದು ಮನ್ನಿಸಿತು.

ನಮ್ಮ ಲಾಕ್ಷಣಿಕರು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕಾಗಿ ವಿಂಗಡಿಸಿದ್ದಾರೆ. ರೇಡಿಯೋ ಕೇಳುವ ನಿಮಗೆ ವಾಚಿಕದ ಬೆಲೆಯನ್ನು ನಾನು ಹೇಳಬೇಕಾಗಿಲ್ಲ. ಫಿಟ್ಸ್ ಆಡುವುದು ನಟನ ಹುಟ್ಟುನುಡಿಯ ಧಾಟಿಯನ್ನು. 'ಗೋಲ್ಡನ್‌ಐ' ಚಿತ್ರದ ಜುಕೋವ್‌ಸ್ಕಿ ಆಡುವುದು ರಷ್ಯನರ ಇಂಗ್ಲಿಷು. 2001ರಿಂದ 2011ರವರೆಗೆ ಬಂದ ಎಂಟು ಹ್ಯಾರಿ ಪಾಟರ್ ಚಿತ್ರಗಳ ಹ್ಯಾಗ್ರಿಡ್ಡನದು ಇಂಗ್ಲೆಂಡಿನ ಪಶ್ಚಿಮ ಸೀಮೆಯ ಹಳ್ಳಿಗರ ಮಾತು. ಹ್ಯಾಗ್ರಿಡ್ ಅರೆದೈತ್ಯ. ಕೆಲವು ದೃಶ್ಯಗಳಲ್ಲಿ ಆ ದೈತ್ಯದೇಹಕ್ಕೆ ರಗ್ಬಿ ಆಟಗಾರ ಮಾರ್ಟಿನ್ ಬೇಫೀಲ್ಡನು ನಿಂತನು. ಆದರೆ ಮಕ್ಕಳು ಒಲಿದದ್ದು ಗಡ್ಡದ ನಡುವೆ ಮಿನುಗುವ ಆ ಕಣ್ಣುಗಳಿಗೆ, ಆ ಕಂಠಕ್ಕೆ.

ಮಕ್ಕಳ ಪ್ರೀತಿ ದೊರೆತ ಮೇಲೆ ಅದನ್ನೇ ನೆಚ್ಚಿ ಸುಮ್ಮನಿರಬಹುದಿತ್ತು. ಅವನು ಹಾಗೆ ಮಾಡಲಿಲ್ಲ. 2016ರ 'ನ್ಯಾಷನಲ್ ಟ್ರೆಷರ್' ಧಾರಾವಾಹಿಯಲ್ಲಿ, ಹಳೆಯ ಅತ್ಯಾಚಾರದ ಆರೋಪ ಹೊತ್ತು ನಿಂತ ಜನಪ್ರಿಯ ವೃದ್ಧ ಹಾಸ್ಯನಟನಾದನು. ನಾವು ಮೆಚ್ಚಿದವನನ್ನು ನಾವೇ ಶಂಕಿಸುವಂತೆ ಮಾಡುವ ಪಾತ್ರವದು. ಜನರ ಒಲವನ್ನೇ ಪಣವಾಗಿಡುವ ಧೈರ್ಯ ಎಲ್ಲ ನಟರಿಗೂ ಬಾರದು.

2022ರ ಅಕ್ಟೋಬರ್ 14ರಂದು, ತನ್ನ 72ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು. ಮುಂದೆ ತಾನಿರಲಾರೆ, ಹ್ಯಾಗ್ರಿಡ್ ಇರುತ್ತಾನೆಂದು ಆ ವರ್ಷದ ಮೊದಲಲ್ಲೇ ಹೇಳಿದ್ದನು. ವೇಷ ಕಳಚಿದ ಮೇಲೂ ಪಾತ್ರ ಉಳಿಯುವುದಾದರೆ, ನಟನಿಗೆ ಅದಕ್ಕಿಂತ ಮಿಗಿಲಾದ ಸಂಭಾವನೆ ಯಾವುದಿದ್ದೀತು?